ನೋವಿನ ಗ್ರಾಹಕರು

ಸೌಮ್ಯಶ್ರೀ ನಮ್ಮೂರಿನ ಆರೋಗ್ಯ ಉಪಕೇಂದ್ರಕ್ಕೆ ನರ್ಸ್ ಆಗಿ ಬಂದಾಗಿನಿಂದ ಅವಳ ತಲೆಯೊಳಗೆ ಇದ್ದದ್ದು ಊರಿನವರ ಪಾದಗಳು. ಸಕ್ಕರೆ ಕಾಯಿಲೆ ಹಳತಾದರೆ ಪಾದದ ಸ್ಪರ್ಶ ಸಾಯುತ್ತಾ ಬರುತ್ತದೆ, ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಬೆರಳು ಕತ್ತರಿಸಬೇಕಾಗುತ್ತದೆ ಎಂದು ಅವಳು ತರಬೇತಿಯಲ್ಲಿ ಕಲಿತಿದ್ದಳು. ಊರಿನಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಅಪರೂಪ. ಪಾದ ತೋರಿಸುವ ಮನೆಯಂತೂ ಒಂದೂ ಇರಲಿಲ್ಲ.

“ಕಾಲು ತೋರಿಸುದಾ? ನಿಮಗಾ?” ಎಂದು ಹಿರಿಯರು ಬೆಚ್ಚಿಬೀಳುತ್ತಿದ್ದರು. “ಬೇಕಾದ್ರೆ ಬೀಪಿ ನೋಡಿ ಸಿಸ್ಟರೇ. ಕಾಲೆಲ್ಲ ಬೇಡ. ನೀವು ಇನ್ನು ಮದುವೆ ಆಗ್ಬೇಕಾದ ಹುಡುಗಿ.”

ಒಮ್ಮೆ ಅವಳು ಪಾದ ತಪಾಸಣಾ ಶಿಬಿರ ಇಟ್ಟಳು. ಬ್ಯಾನರ್ ಕಟ್ಟಿದಳು, ಬೆಂಚು ಹಾಕಿಸಿದಳು, ಬಂದವರಿಗೆ ಕೊಡಲು ಮುಳ್ಳೇರಿಯದ ಬೇಕರಿಯಿಂದ ಬಿಸ್ಕೆಟ್ ತರಿಸಿದಳು. ಬಂದವರು ಒಬ್ಬರೇ, ಅವರೂ ಕೆಮ್ಮಿನ ಔಷಧಿಗೆ ಬಂದವರು. ಚಪ್ಪಲಿ ತೆಗೆಯಿರಿ ಎಂದಾಗ ಅವರು ಬಾಟಲಿ ಹಿಡಿದುಕೊಂಡು ಹಿಂದಿನ ಬಾಗಿಲಿನಿಂದ ಹೊರಟುಹೋದರು.

ಈ ಸೋಲಿನ ಕಥೆಯನ್ನು ಅವಳು ಹೇಳಿಕೊಂಡದ್ದು ಹರಿನಾರಾಯಣ ಮಾಸ್ಟ್ರ ಹತ್ತಿರ. ಮಾಸ್ಟ್ರು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಜೊತೆಗೆ ಊರಿನ ತಾಳಮದ್ದಳೆ ಸಂಘದ ಹಿರಿಯ ಅರ್ಥಧಾರಿ. ತಾಳಮದ್ದಳೆ ಎಂದರೆ ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕುಳಿತಲ್ಲಿಂದಲೇ ಪಾತ್ರವಾಗಿ ಮಾತಾಡುತ್ತಾರೆ, ಒಬ್ಬರನ್ನೊಬ್ಬರು ಮಾತಿನಲ್ಲಿ ಕೆಡವುತ್ತಾರೆ. ನಮ್ಮ ಜನಕ್ಕೆ ಇದರ ಮುಂದೆ ಸಿನೆಮಾವೂ ಸಪ್ಪೆ.

“ನೀವು ಭಾಷಣಕ್ಕೆ ಕರೆದ್ರಿ, ಅದೇ ತಪ್ಪು,” ಎಂದರು ಮಾಸ್ಟ್ರು. “ಭಾಷಣಕ್ಕೆ ನಾನೇ ಹೋಗುದಿಲ್ಲ, ಮತ್ತೆ ಬೇರೆಯವರು ಬರ್ತಾರಾ? ಅರ್ಥ ಹೇಳಿಸುವ. ಚರ್ಮದ ಒಳಗೆ ಎಂತೆಂತ ಉಂಟು ಅಂತ ಒಂದು ಪ್ರಸಂಗವೇ ಮಾಡುವ.”

ಮಾಸ್ಟ್ರಿಗೆ ಇದು ಎಷ್ಟೋ ಕಾಲದ ಆಸೆ. ದೇಹದ ಹೊರಗಿನ, ಒಳಗಿನ ಸುದ್ದಿಯನ್ನು ಹಿಡಿದು ಮೆದುಳಿಗೆ ಕಳಿಸುವ ಸಣ್ಣ ಸಣ್ಣ ನರತುದಿಗಳಿಗೆ ಪಾಠಪುಸ್ತಕ ಇಟ್ಟ ಹೆಸರು ಗ್ರಾಹಕ. ಅವುಗಳ ವರ್ಗೀಕರಣವನ್ನು ಅವರು ಅದೆಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದರೋ, ಅಷ್ಟೂ ವರ್ಷ ಮಕ್ಕಳು ಅದನ್ನು ಉರುಹೊಡೆದು ಪರೀಕ್ಷೆಯ ಮರುದಿನ ಮರೆತಿದ್ದರು. ಈಗ ಅದಕ್ಕೆ ಚೆಂಡೆ ಮದ್ದಳೆ ಕೂಡಿಬಂತು. ಅವರೇ ಪದ ಕಟ್ಟಿದರು, ಭಾಗವತರಿಗೆ ರಾಗ ಸೂಚಿಸಿದರು, ಪ್ರಸಂಗಕ್ಕೆ ‘ತ್ವಚಾಪುರದ ದರ್ಬಾರು’ ಎಂದು ಹೆಸರಿಟ್ಟರು. ಮೆದುಳು ಎಂಬ ಮಸ್ತಿಷ್ಕರಾಜನ ಪಾತ್ರ ಅವರದ್ದೇ. ಪೇಟೆಯಲ್ಲಿ ಗೇರುಬೀಜದ ವ್ಯಾಪಾರ ಮಾಡುವ ಚೆನ್ನಯ್ಯನಿಗೆ ನೋವಿನ ಪಾತ್ರ. ಆತ ಸಂಘದಲ್ಲಿ ಯಾವಾಗಲೂ ದುರ್ಯೋಧನನ ಅರ್ಥ ಹೇಳುವವನು, ಸೋತರೂ ಬಾಯಿ ಮುಚ್ಚದವನು. ಕೆ.ಎಸ್.ಆರ್.ಟಿ.ಸಿ.ಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದ ಹರಿನಾಥನಿಗೆ ಕಂಪನವನ್ನು ಹಿಡಿಯುವ ಗ್ರಾಹಕನ ಪಾತ್ರ. ಬಸ್ಸಿನ ಅಲುಗಾಟದಲ್ಲೇ ಆಯುಷ್ಯ ಕಳೆದವನಿಗೆ ಅದು ತಕ್ಕದ್ದೇ ಎಂದು ಎಲ್ಲರೂ ಒಪ್ಪಿದರು.

ನೋಟೀಸು ಬರೆದದ್ದು ಸೌಮ್ಯಶ್ರೀ. ಅವಳಿಗೆ ವಿಷಯವೇ ಮುಖ್ಯ. ಹಾಗಾಗಿ ‘ಗ್ರಾಹಕರ ವರ್ಗೀಕರಣ’ ಎಂದು ದಪ್ಪಕ್ಷರದಲ್ಲಿ ಮೇಲೆ, ‘ಆದಿತ್ಯವಾರ ಮಧ್ಯಾಹ್ನ, ಭಜನಾ ಮಂದಿರದಲ್ಲಿ, ಎಲ್ಲರೂ ಬನ್ನಿ’ ಎಂದು ಅದರ ಕೆಳಗೆ, ‘ತಾಳಮದ್ದಳೆ’ ಎಂದು ತೀರಾ ತಳದಲ್ಲಿ ಸಣ್ಣಕ್ಷರದಲ್ಲಿ. ಅಷ್ಟು ಕೆಳಗಿನವರೆಗೆ ಯಾರೂ ಓದಲಿಲ್ಲ.

ಯಾಕೆಂದರೆ ಅದು ೨೦೧೬ನೇ ಇಸವಿಯ ಕೊನೆಗಾಲ. ನಮ್ಮದು ಕನ್ನಡ ಮಾತಾಡುವ ಊರಾದರೂ ಸೇರಿದ್ದು ಕೇರಳಕ್ಕೆ; ಅಲ್ಲಿ ರೇಶನ್ ಕಾರ್ಡುಗಳನ್ನು ಹೊಸದಾಗಿ ವಿಂಗಡಿಸಿ ಕರಡು ಪಟ್ಟಿ ಹಾಕಿದ್ದರು. ಆದ್ಯತೆಯವರು ಇವರು, ಆದ್ಯತೆ ಇಲ್ಲದವರು ಇವರು. ಸಾವಿರ ಚದರಡಿಗಿಂತ ದೊಡ್ಡ ಮನೆ ಇದ್ದರೆ ಹೊರಗೆ, ನಾಲ್ಕು ಚಕ್ರದ ಗಾಡಿ ಇದ್ದರೆ ಹೊರಗೆ, ಸರಕಾರಿ ಕೆಲಸ, ಪೆನ್ಶನ್ ಇದ್ದರೆ ಹೊರಗೆ. ಊರಿಗೆ ಊರೇ ಆಕ್ಷೇಪ ಹಿಡಿದುಕೊಂಡು ಕಚೇರಿಗಳ ಎದುರು ಸಾಲು ನಿಂತಿತ್ತು. ಅಂಥ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ಗ್ರಾಹಕರ ವರ್ಗೀಕರಣ ಎಂದು ಕಂಡರೆ ಜನ ಇನ್ನೇನೆಂದು ತಿಳಿಯಬೇಕು?

ಆದಿತ್ಯವಾರ ಭಜನಾ ಮಂದಿರದ ಅಂಗಳದಲ್ಲಿ ಚಪ್ಪಲಿ ಇಡಲು ಜಾಗ ಇರಲಿಲ್ಲ. ಮಾಸ್ಟ್ರು ಕಿಟಕಿಯಿಂದ ಇಣುಕಿ ನೋಡಿ ಕಣ್ಣು ಒರೆಸಿಕೊಂಡರು. “ನೋಡಿ ಸಿಸ್ಟರೇ,” ಎಂದರು, “ವಿಜ್ಞಾನಕ್ಕೆ ಜನ ಬರುದಿಲ್ಲ ಅಂತ ಯಾರು ಹೇಳಿದ್ದು?” ಬಂದವರ ಕೈಯಲ್ಲೆಲ್ಲ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ರೇಶನ್ ಕಾರ್ಡು. ಅದನ್ನು ಅವರು ಗಮನಿಸಲಿಲ್ಲ.

ಎದುರಿನ ಸಾಲಿನಲ್ಲೇ ಕುಳಿತಿದ್ದವರು ಅಮ್ಮಣಿ ಮತ್ತು ಅವಳ ಗಂಡ ಕುಂಞ. ಕುಂಞ ಹಿಂದೆ ಜೀಪು ಓಡಿಸುತ್ತಿದ್ದವನು. ಈಗ ಜೀಪಿಗೆ ಚಕ್ರವೂ ಇಲ್ಲ, ಇಂಜಿನೂ ಇಲ್ಲ. ಅಂಗಳದ ಮೂಲೆಯಲ್ಲಿ ಬಿದ್ದಿದೆ, ಡ್ರೈವರ್ ಸೀಟಿನಲ್ಲಿ ಹೇಂಟೆಗಳು ಮೊಟ್ಟೆ ಇಡುತ್ತವೆ. ಆದರೆ ದಾಖಲೆಯಲ್ಲಿ ಅದು ನಾಲ್ಕು ಚಕ್ರದ ವಾಹನವೇ. ಹಾಗಾಗಿ ಅವರು ಆದ್ಯತೆಯಿಂದ ಹೊರಗೆ ಬಿದ್ದಿದ್ದರು. ಅಮ್ಮಣಿ ಸಿಕ್ಕಿದವರ ಹತ್ತಿರವೆಲ್ಲ ಜಗಳ ಮಾಡಿದ್ದಳು. ದಪ್ಪ ಹೆಂಗಸು, ಸಕ್ಕರೆಗೆ ಮಾತ್ರೆ ನುಂಗುವವಳು, ಮಾತಿಗೆ ನಿಂತರೆ ಪೇಟೆಯಲ್ಲಿ ಬಸ್ಸು ನಿಲ್ಲುತ್ತದೆ.

ಚೆಂಡೆ ಬಡಿಯಿತು. ಭಾಗವತರು ಗಣಪತಿಯನ್ನು ಹೊಗಳಿ, ನೇರವಾಗಿ ಚರ್ಮವನ್ನು ಹೊಗಳಲು ತೊಡಗಿದರು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಸರಕಾರಿ ಕಾರ್ಯಕ್ರಮದ ಮೊದಲು ಪ್ರಾರ್ಥನೆ ಇರುವುದೇ, ಇರಲಿ ಎಂದು ಸುಮ್ಮನಾದರು.

ಮಾಸ್ಟ್ರು ಗಂಟಲು ಸರಿಮಾಡಿಕೊಂಡರು. “ನನ್ನ ರಾಜ್ಯದಲ್ಲಿ ಗ್ರಾಹಕರು ಅನೇಕ. ಅವರನ್ನು ನಾನು ಯಾವುದನ್ನು ಗ್ರಹಿಸುತ್ತಾರೆ ಎಂಬುದರ ಮೇಲೆ ವಿಂಗಡಿಸಿದ್ದೇನೆ. ಒತ್ತಡವನ್ನು, ಕಂಪನವನ್ನು ಗ್ರಹಿಸುವವರು ಒಂದು ವರ್ಗ. ಬಿಸಿ ತಂಪನ್ನು ಗ್ರಹಿಸುವವರು ಒಂದು. ಬೆಳಕನ್ನು ಗ್ರಹಿಸುವವರು ಕಣ್ಣೆಂಬ ಕೋಟೆಯಲ್ಲಿದ್ದಾರೆ. ರುಚಿ ಗಂಧಗಳನ್ನು ಗ್ರಹಿಸುವವರು ನಾಲಗೆ ಮೂಗುಗಳಲ್ಲಿದ್ದಾರೆ. ಇನ್ನು ನೋವನ್ನು ಗ್ರಹಿಸುವವರದ್ದೇ ಬೇರೆ ವರ್ಗ.”

ಹಿಂದಿನಿಂದ ಯಾರೋ ಎದ್ದು ಕೇಳಿದರು: “ಅಕ್ಕಿ ಯಾರಿಗೆ ಸಿಗುದು ಮಾಸ್ಟ್ರೇ?”

“ಸುಮ್ಮನೆ ಕೂತ್ಕೊ ಮಾರಾಯ, ಹೇಳ್ತಾರೆ,” ಎಂದರು ಪಕ್ಕದವರು.

ಹರಿನಾಥನ ಸರದಿ ಬಂತು. ಚರ್ಮದ ಆಳದಲ್ಲಿ ಕಂಪನವನ್ನು ಹಿಡಿಯುವ ಗ್ರಾಹಕ ನಿಜವಾಗಿಯೂ ನೀರುಳ್ಳಿಯ ಹಾಗೆ ಪದರ ಪದರವಾದ ಹೊದಿಕೆಯೊಳಗೆ ಇರುತ್ತದೆ. ಮಾಸ್ಟ್ರು ಅದನ್ನು ಚಿತ್ರ ಬರೆದು ತೋರಿಸಿ ಕಲಿಸಿದ್ದರು. ಹರಿನಾಥ ಎದೆಯುಬ್ಬಿಸಿ ಹೇಳಿದ: “ಮಹಾರಾಜಾ, ನನ್ನ ಅರಮನೆಗೆ ಸುತ್ತಿನ ಮೇಲೆ ಸುತ್ತು, ಗೋಡೆಯ ಒಳಗೆ ಗೋಡೆ. ಹೊರಗಿನ ಪದರಕ್ಕೆ ಕಾಲಿಟ್ಟವನು ಒಳಗಿನ ನನ್ನನ್ನು ಕಾಣಬೇಕಾದರೆ...”

“ಸಾವಿರ ಚದರಡಿಗಿಂತ ಹೆಚ್ಚುಂಟು!” ಅಮ್ಮಣಿ ಕೂಗಿದಳು. “ಬಾಯಲ್ಲೇ ಒಪ್ಪಿಕೊಂಡ ಅಲ್ವಾ? ಪೆನ್ಶನ್ ಬೇರೆ ಉಂಟು ಅವನಿಗೆ. ಬರ್ಕೊಳ್ಳಿ ಸಿಸ್ಟರೇ!”

ಸಭೆ ಚಪ್ಪಾಳೆ ತಟ್ಟಿತು. ಹರಿನಾಥ ತನ್ನ ಮಾತಿಗೆ ಎಂದುಕೊಂಡು ಕೈಮುಗಿದ.

ಆಮೇಲೆ ಚೆನ್ನಯ್ಯ. ಅವನಿಗೆ ಜನ ಕಂಡರೆ ಉಬ್ಬರ. ಅವನು ಕುಳಿತಲ್ಲಿಯೇ ತೊಡೆ ತಟ್ಟಿದ. “ರಾಜಾ, ನಾನು ನೋವಿನ ಗ್ರಾಹಕ. ಉಳಿದವರಿಗೆಲ್ಲ ಮನೆ ಉಂಟು, ಹೊದಿಕೆ ಉಂಟು. ನನಗೆಂತ ಉಂಟು? ಬರೀ ನರದ ತುದಿ. ಮನೆ ಇಲ್ಲ, ಮಾಡು ಇಲ್ಲ, ಮೈಮೇಲೆ ಒಂದು ತುಂಡು ಬಟ್ಟೆ ಇಲ್ಲ!”

“ಹೌದು! ಹೌದು!” ಎಂದಿತು ಸಭೆ.

“ಸ್ಪರ್ಶದವರು ಬೆಳಿಗ್ಗೆ ನೀವು ಅಂಗಿ ಹಾಕುವಾಗ ಒಮ್ಮೆ ಸುದ್ದಿ ಕಳಿಸ್ತಾರೆ, ಆಮೇಲೆ ದಿನವಿಡೀ ನಿದ್ದೆ. ಸಂಬಳ ಮಾತ್ರ ಪೂರ್ತಿ. ನಾನು ಹಾಗಲ್ಲ. ಕಾರಣ ಇರುವವರೆಗೆ ಬೊಬ್ಬೆ ಹೊಡೀತೇನೆ. ಮೈಯಲ್ಲಿ ಎಲ್ಲ ಕಡೆ ನಾನೇ ಇದ್ದೇನೆ. ಸಂಖ್ಯೆಯಲ್ಲಿ ಹೆಚ್ಚು, ಸ್ಥಾನದಲ್ಲಿ ಕಡಿಮೆ. ಮೊದಲ ಆದ್ಯತೆ ಯಾರಿಗೆ ಕೊಡ್ತಿ ರಾಜಾ?”

ಮಾಸ್ಟ್ರ ಯೋಜನೆಯಲ್ಲಿ ಇಲ್ಲಿ ರಾಜ ನೋವನ್ನು ಗದರಿಸಿ, ಗ್ರಾಹಕರನ್ನು ಇರುವ ಜಾಗದ ಪ್ರಕಾರವೂ ವಿಂಗಡಿಸಬಹುದು, ಹೊರಗಿನ ಸುದ್ದಿಯವರು, ಹೊಟ್ಟೆ ರಕ್ತನಾಳಗಳ ಸುದ್ದಿಯವರು, ಕೈಕಾಲು ಎಲ್ಲಿದೆ ಎಂದು ತಿಳಿಸುವ ಕೀಲು ಸ್ನಾಯುಗಳವರು ಎಂದು ವಿವರಿಸಬೇಕಿತ್ತು. ಅವರು ಬಾಯಿ ತೆರೆದದ್ದೇ ತಡ, ಜನ ಎದ್ದು ನಿಂತರು. ನೋವಿಗೆ ಆದ್ಯತೆ ಕೊಡಲೇಬೇಕು! ಮನೆ ಇಲ್ಲದವನಿಗೆ ಅಕ್ಕಿ ಇಲ್ಲವೆಂದರೆ ಎಂಥ ರಾಜ?

ಮಾಸ್ಟ್ರು ಕುಳಿತಲ್ಲೇ ಬೆವೆತರು. ಐವತ್ತು ಮಕ್ಕಳ ಕ್ಲಾಸನ್ನು ಸುಧಾರಿಸಿದವರು, ಆದರೆ ಹೀಗೆ ವರ್ಗೀಕರಣದ ವಿಷಯಕ್ಕೆ ಹೊಡೆಯಲು ಬರುವವರನ್ನು ಅವರು ಕಂಡಿರಲಿಲ್ಲ. “ಆಯ್ತು,” ಎಂದರು ರಾಜನ ಗತ್ತು ಬಿಡದೆ. “ನೋವಿಗೇ ಮೊದಲ ಆದ್ಯತೆ. ಎಷ್ಟೆಂದರೂ ದೇಹವನ್ನು ಕಾಯುವವನು ಅವನೇ.” ವಿಜ್ಞಾನಕ್ಕೂ ಅದು ಮೋಸವಲ್ಲ ಎಂದು ಅವರು ಒಳಗೊಳಗೆ ಸಮಾಧಾನ ಮಾಡಿಕೊಂಡರು. ಭಾಗವತರು ಗಡಿಬಿಡಿಯಲ್ಲಿ ಮಂಗಳ ಹಾಡಿದರು.

ಸೋಮವಾರ ಬೆಳಿಗ್ಗೆ ಸೌಮ್ಯಶ್ರೀ ಉಪಕೇಂದ್ರದ ಬೀಗ ತೆಗೆಯುವ ಮೊದಲೇ ಅಮ್ಮಣಿ ಮೆಟ್ಟಿಲ ಮೇಲೆ ಕುಳಿತಿದ್ದಳು. ಹಿಂದೆ ಕುಂಞ, ಕುಂಞನ ಹಿಂದೆ ಸಾಲು.

“ನಮ್ಮನ್ನು ನೋವಿಗೆ ಹಾಕಿ ಸಿಸ್ಟರೇ,” ಎಂದಳು ಅಮ್ಮಣಿ.

“ಯಾವ ನೋವಿಗೆ ಅಮ್ಮಣಿಯಕ್ಕ?”

“ನೋವಿನ ಗ್ರಾಹಕರಿಗೆ. ನಿನ್ನೆ ಮೈಕಿನಲ್ಲೇ ಹೇಳಿದ್ದಲ್ವಾ, ಮೊದಲ ಆದ್ಯತೆ ಅಂತ? ಇವರಿಗೆ ಸೊಂಟ ನೋವು. ನನಗೆ ಎಲ್ಲ ಕಡೆ. ಇಬ್ಬರದ್ದೂ ಒಂದೇ ಕಾರ್ಡಿಗೆ ಹಾಕಿ.”

ಸೌಮ್ಯಶ್ರೀ ಮೊದಲು ನಕ್ಕಳು. ಆಮೇಲೆ ಸಾಲಿನ ಉದ್ದ ನೋಡಿ ನಗು ನಿಲ್ಲಿಸಿದಳು. ಅದು ನರದ ವಿಷಯ, ರೇಶನಿನ ವಿಷಯ ಅಲ್ಲ, ಅದು ಬೇರೆ ಗ್ರಾಹಕ ಇದು ಬೇರೆ ಗ್ರಾಹಕ ಎಂದು ಸಮಾಧಾನದಿಂದ ತಿಳಿಸಿದಳು. ಅಮ್ಮಣಿ ಸಮಾಧಾನದಿಂದಲೇ ಕೇಳಿಸಿಕೊಂಡಳು.

“ಹಾಗಾದ್ರೆ ಚೆನ್ನಯಣ್ಣ ಹೇಳಿದ್ದು ಸುಳ್ಳಾ?”

“ಸುಳ್ಳಲ್ಲ. ಅವರು ಹೇಳಿದ್ದು ಪಾತ್ರ.”

“ಸುಳ್ಳಲ್ಲ ಅಲ್ವಾ? ಮತ್ತೆಂತ? ಹಾಕಿ.”

ಮಧ್ಯಾಹ್ನದೊಳಗೆ ಮೇಜಿನ ಮೇಲೆ ಬಿಳಿ ಹಾಳೆಗಳ ಅಟ್ಟಿ ಬೆಳೆಯಿತು. ಒಬ್ಬರು ಮೊಣಕಾಲು ನೋವು ಎಂದು ಬರೆದಿದ್ದರು, ಒಬ್ಬರು ಹಲ್ಲುನೋವು ಎಂದು. ಇನ್ನೊಬ್ಬರು ತಮಗೆ ಸ್ವಂತ ನೋವು ಇಲ್ಲದಿದ್ದರೂ ತೀರಿಕೊಂಡ ತಾಯಿಗೆ ಬಹಳ ಇತ್ತೆಂದೂ, ವಾರಸುದಾರರ ನೆಲೆಯಲ್ಲಿ ತಮ್ಮನ್ನು ಪರಿಗಣಿಸಬೇಕೆಂದೂ ಕೇಳಿಕೊಂಡಿದ್ದರು. ಹರಿನಾಥನೂ ಬಂದಿದ್ದ. “ನಾನು ಕಂಪನದವನು ಅಂತ ಮಾಸ್ಟ್ರೇ ಹಾಕಿದ್ದು, ನಂಗೆ ಬೇಕಂತ ಇರ್ಲಿಲ್ಲ. ಈಗ ಬದಲಿಸ್ಲಿಕ್ಕೆ ಆಗ್ತದಾ?” ಎಂದು ತಗ್ಗಿದ ದನಿಯಲ್ಲಿ ಕೇಳಿದ.

ಸೌಮ್ಯಶ್ರೀ ಅಷ್ಟೂ ಹಾಳೆಗಳನ್ನು ಎದುರಿಟ್ಟುಕೊಂಡು ಕಿಟಕಿಯ ಹೊರಗೆ ನೋಡಿದಳು. ಸಾಲಿನಲ್ಲಿ ನಿಂತವರೆಲ್ಲ ಅವಳು ತಿಂಗಳುಗಟ್ಟಲೆ ಬೆನ್ನುಬಿದ್ದವರೇ. ಇದೇ ಪಾದಗಳು. ಈಗ ತಾವಾಗಿ ನಡೆದು ಬಂದು ಬಾಗಿಲಲ್ಲಿ ನಿಂತಿವೆ. ಅವಳು ಎದ್ದು ಮೆಟ್ಟಿಲಿಗೆ ಬಂದಳು.

“ರೇಶನ್ ನನ್ನ ಕೈಯಲ್ಲಿಲ್ಲ,” ಎಂದು ಗಟ್ಟಿಯಾಗಿ ಹೇಳಿದಳು. “ಆದ್ರೆ ನೋವಿನ ಗ್ರಾಹಕರು ಯಾರಲ್ಲಿ ಸರಿ ಉಂಟು, ಯಾರಲ್ಲಿ ಇಲ್ಲ ಅಂತ ನಾನು ಪರೀಕ್ಷೆ ಮಾಡಿ ಬರೆದುಕೊಡ್ಬಹುದು. ಪಾದದಲ್ಲಿ ಮಾಡುವ ಪರೀಕ್ಷೆ. ಬುಧವಾರ ಬನ್ನಿ. ಕಾಲು ತೊಳೆದು ಬನ್ನಿ.”

ಮೊದಲ ವಾಕ್ಯವನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಮಂಗಳವಾರ ಇಡೀ ಊರು ಪರೀಕ್ಷೆಗೆ ಓದಿತು. ಚೆನ್ನಯ್ಯನ ಅಂಗಡಿಯ ಜಗಲಿಯಲ್ಲಿ ತರಬೇತಿ ನಡೆಯಿತು. ಗೇರುಬೀಜದ ಗೋಣಿಯ ಮೇಲೆ ಕಾಲು ಚಾಚಿ ಕುಳಿತವರಿಗೆ ಆತ ಕಲಿಸುತ್ತಿದ್ದ: “ಬರೀ ‘ಆ’ ಅಂದ್ರೆ ಸಾಲದು. ಹೊಟ್ಟೆಯಿಂದ ಬರ್ಬೇಕು. ಅಯ್ಯಯ್ಯಯ್ಯೋ! ಹಾಂ, ಹಾಗೆ. ಕೊನೆಗೆ ಸ್ವಲ್ಪ ಎಳೀರಿ.” ಕುಂಞ ಮನೆಯಲ್ಲಿ ಹೆಂಡತಿಯಿಂದ ಗುಂಡುಸೂಜಿಯಲ್ಲಿ ಚುಚ್ಚಿಸಿಕೊಂಡು ಅಭ್ಯಾಸ ಮಾಡಿದ. ಅಮ್ಮಣಿ ಅಭ್ಯಾಸ ಮಾಡಲಿಲ್ಲ. ಅಳುವ ವಿದ್ಯೆಯನ್ನು ತನಗೆ ಯಾರೂ ಕಲಿಸಬೇಕಾದ್ದಿಲ್ಲ ಎಂದಳು.

ಬುಧವಾರದ ಪರೀಕ್ಷೆಗೆ ಬೇಕಾದದ್ದು ಒಂದು ತುಂಡು ನೈಲಾನ್ ಎಳೆ ಮಾತ್ರ. ಕಣ್ಣು ಮುಚ್ಚಿ ಕುಳಿತವರ ಪಾದಕ್ಕೆ ಅದನ್ನು ಬಾಗುವಷ್ಟು ಒತ್ತಬೇಕು; ತಿಳಿಯಿತೋ ಇಲ್ಲವೋ ಅವರು ಹೇಳಬೇಕು. ನೋವಾಗುವ ಪ್ರಶ್ನೆಯೇ ಇಲ್ಲ. ಎಳೆ ತಾಗಿದ್ದು ಗೊತ್ತಾದರೆ ಪಾದ ಕ್ಷೇಮ.

ಮೊದಲು ಕುಳಿತವರು ಎಳೆ ತಾಗುವ ಮೊದಲೇ ಕಿರುಚಿದರು. ಎರಡನೆಯವರು ಚಪ್ಪಲಿ ತೆಗೆಯುವಾಗಲೇ ಕಿರುಚಿದರು. ಮೂರನೆಯವರು ಹೊರಗೆ ಸಾಲಿನಲ್ಲೇ ಶುರುಮಾಡಿದರು. ಅಯ್ಯಯ್ಯಯ್ಯೋ ಎಂಬ ಕೂಗು ರಸ್ತೆಗೆ ಕೇಳಿ, ಹೋಗುತ್ತಿದ್ದ ಆಟೋದವನು ಯಾರೋ ತೀರಿಕೊಂಡರೆಂದು ಗಾಡಿ ನಿಲ್ಲಿಸಿ ಬಂದ. ಬಂದವನು ವಿಷಯ ತಿಳಿದು ತಾನೂ ಸಾಲಿಗೆ ನಿಂತ.

ಸೌಮ್ಯಶ್ರೀ ಹೊಸ ಉಪಾಯ ಮಾಡಿದಳು. ಕಣ್ಣಿಗೆ ಬಟ್ಟೆ ಕಟ್ಟಿದಳು. “ಬೊಬ್ಬೆ ಹೊಡೆದವರಿಗೆ ಮಾರ್ಕಿಲ್ಲ. ನಾನು ಯಾವ ಬೆರಳು ಮುಟ್ಟಿದೆ ಅಂತ ಮಾತ್ರ ಹೇಳ್ಬೇಕು,” ಎಂದಳು. ಒಮ್ಮೆಲೇ ಮೌನ ಕವಿಯಿತು. ಈಗ ಒಬ್ಬೊಬ್ಬರೂ ಜೀವಮಾನದಲ್ಲಿ ಮೊದಲ ಸಲ ತಮ್ಮ ಪಾದಕ್ಕೆ ಕಿವಿಗೊಟ್ಟು ಕುಳಿತರು. ಹೆಬ್ಬೆರಳು. ಕಿರುಬೆರಳು. ಹಿಮ್ಮಡಿ. ಕುಂಞ ಎಲ್ಲವನ್ನೂ ಸರಿ ಹೇಳಿ, ಫಸ್ಟ್ ಕ್ಲಾಸ್ ಬಂದವನ ಹಾಗೆ ಎದ್ದು ನಿಂತ.

ಅಮ್ಮಣಿ ಕುಳಿತಳು. ಬಟ್ಟೆ ಕಟ್ಟಿಸಿಕೊಂಡಳು.

“ಶುರು ಮಾಡಿ ಸಿಸ್ಟರೇ.”

ಸೌಮ್ಯಶ್ರೀ ಆಗಲೇ ಶುರು ಮಾಡಿದ್ದಳು. ಹೆಬ್ಬೆರಳನ್ನು ಮುಟ್ಟಿದ್ದಳು, ನಡುಬೆರಳನ್ನು ಮುಟ್ಟಿದ್ದಳು. ಅಂಗಾಲು ನೋಡಲೆಂದು ಪಾದವನ್ನು ಮೆಲ್ಲನೆ ಎತ್ತಿದಳು. ಅಲ್ಲಿ, ಹೆಬ್ಬೆರಳಿನ ಬುಡದ ಉಬ್ಬಿನಲ್ಲಿ, ಒಂದು ಹಿತ್ತಾಳೆ ಬಣ್ಣದ ಗುಂಡನೆಯ ಚುಕ್ಕಿ ಹೊಳೆಯುತ್ತಿತ್ತು. ಸುತ್ತ ಚರ್ಮ ಕೆಂಪಾಗಿ, ಅಂಚು ಬಿಳಿಚಿ, ಬಾತು ನಿಂತಿತ್ತು. ಅದು ಡ್ರಾಯಿಂಗ್ ಪಿನ್ನು. ಬೋರ್ಡಿಗೆ ಹಾಳೆ ಚುಚ್ಚುತ್ತಾರಲ್ಲ, ಅಂಥದ್ದು. ತಲೆಯವರೆಗೆ ಇಳಿದಿತ್ತು.

“ಅಮ್ಮಣಿಯಕ್ಕ,” ಸೌಮ್ಯಶ್ರೀಯ ದನಿ ಸಣ್ಣದಾಯಿತು, “ಈಗ ಎಲ್ಲಿ ಮುಟ್ಟಿದ್ದು ಹೇಳಿ.” ಅವಳು ಪಿನ್ನಿನ ತಲೆಯ ಮೇಲೆ ಬೆರಳಿಟ್ಟಿದ್ದಳು.

ಅಮ್ಮಣಿ ತಲೆ ಓರೆ ಮಾಡಿ ಬಹಳ ಹೊತ್ತು ಆಲಿಸಿದಳು. “ನೀವು ಇನ್ನೂ ಮುಟ್ಲಿಲ್ಲ,” ಎಂದಳು.

ಕುಂಞ ಬಗ್ಗಿ ನೋಡಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಅಮ್ಮಣಿ ಬಟ್ಟೆ ಕಿತ್ತು ಕೆಳಗೆ ನೋಡಿದಳು. ತನ್ನ ಕಾಲನ್ನು ನೋಡಿದಳು, ಪಿನ್ನನ್ನು ನೋಡಿದಳು, ಮತ್ತೆ ಇಡೀ ಸಾಲನ್ನು ನೋಡಿದಳು. ಅವಳಿಗೆ ಮೊದಲು ಬಂದ ಹೆದರಿಕೆ ಕಾಲಿನದ್ದಲ್ಲ.

“ನೋವಿಲ್ಲ ಅಂತ ಬರೀಬೇಡಿ ಸಿಸ್ಟರೇ,” ಎಂದು ಕೈಹಿಡಿದಳು. “ನಿಮ್ಮ ಕಾಲಿಗೆ ಬೀಳ್ತೇನೆ. ನೋವುಂಟು. ಈಗ ಬರ್ತಾ ಉಂಟು ನೋಡಿ. ಅಯ್ಯಯ್ಯೋ! ಕೇಳ್ತದಾ? ಒಂದು ಜೀಪಿಗಾಗಿ ಮೊದಲೇ ಹೊರಗೆ ಹಾಕಿದ್ದಾರೆ, ಇನ್ನು ಇದಕ್ಕೂ ಹೊರಗೆ ಹಾಕಿದ್ರೆ ನಾನೆಲ್ಲಿ ಹೋಗ್ಲಿ?”

ಸೌಮ್ಯಶ್ರೀಗೆ ಅಳು ಬಂತು. ಅಳುತ್ತಲೇ ಪಿನ್ನು ತೆಗೆದಳು, ಕೀವು ತೊಳೆದಳು, ಪಟ್ಟಿ ಕಟ್ಟಿದಳು. “ಹೊರಗೆ ಹಾಕುದಲ್ಲ ಅಮ್ಮಣಿಯಕ್ಕ. ನೋವು ಗೊತ್ತಾಗದವರಿಗೇ ಮೊದಲು ಆಸ್ಪತ್ರೆ. ನಿಮಗೇ ಆದ್ಯತೆ. ಈಗಲೇ ಗಾಡಿ ಮಾಡಿಸ್ತೇನೆ. ಇಂಜೆಕ್ಷನ್, ಮದ್ದು, ಮೆತ್ತಗಿನ ಚಪ್ಪಲಿ, ಎಲ್ಲ ಸರಕಾರದ್ದೇ.”

ಸಾಲಿನಲ್ಲಿದ್ದವರು ಕೇಳಿದ್ದು ಮೂರು ಶಬ್ದ. ಆದ್ಯತೆ. ಚಪ್ಪಲಿ. ಸರಕಾರದ್ದೇ.

ಆಟೋದವನ ಗಾಡಿಯಲ್ಲಿ ಅಮ್ಮಣಿ ಕುಂಞರನ್ನು ಆಸ್ಪತ್ರೆಗೆ ಕಳಿಸಿ ಸೌಮ್ಯಶ್ರೀ ಒಳಗೆ ಬರುವಷ್ಟರಲ್ಲಿ ಊರಿನ ಪಾದಗಳೆಲ್ಲ ಸತ್ತುಹೋಗಿದ್ದವು. ಎಲ್ಲಿ ಮುಟ್ಟಿದರೂ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆಗ ತಾನೇ ಹೆಬ್ಬೆರಳು, ಕಿರುಬೆರಳು ಎಂದು ತಪ್ಪಿಲ್ಲದೆ ಹೇಳಿ ಹೋದವರು ಮರುಪರೀಕ್ಷೆ ಬೇಕೆಂದು ಬಂದರು. “ಆಗ ನಾನು ಅಂದಾಜಿಗೆ ಹೇಳಿದ್ದು,” ಎಂದರು. ಹರಿನಾಥ ಕುಳಿತಾಗ ಅವಳು ಬೇಕೆಂದೇ ಅಂಗಾಲಿಗೆ ಎಳೆಯಿಂದ ಕಚಗುಳಿ ಇಟ್ಟಳು. ಅವನ ಕೆನ್ನೆ ನಡುಗಿತು, ಮೀಸೆ ಅದುರಿತು, ಕಣ್ಣಿನ ಬಟ್ಟೆಯ ಕೆಳಗಿಂದ ನೀರು ಇಳಿಯಿತು.

“ಎಂತಾದ್ರೂ ಗೊತ್ತಾಗ್ತದಾ ಹರಿನಾಥಣ್ಣ?”

“ಇಲ್ಲ,” ಎಂದ ಅವನು ಹಲ್ಲು ಕಚ್ಚಿಕೊಂಡು. “ಎಂತದೂ ಇಲ್ಲ. ಯಾರ ಕಾಲು ಅದು?”

ಸುದ್ದಿ ತಿಳಿದು ಹರಿನಾರಾಯಣ ಮಾಸ್ಟ್ರು ಓಡಿಬಂದರು. ತಾವು ಬೋರ್ಡಿನ ಮೇಲೆ ಬರೆದ ಗ್ರಾಹಕರು ಎರಡು ಬೆಂಚಿನ ಮೇಲೆ ಹೀಗೆ ಬೆಳಿಗ್ಗೆ ಹುಟ್ಟಿ ಮಧ್ಯಾಹ್ನ ಸಾಯುವುದನ್ನು ಕಂಡು ಅವರು ಕಂಬಕ್ಕೆ ಒರಗಿದರು. “ನಾನೇ ಇದನ್ನೆಲ್ಲ ಮಾಡಿದ್ದು,” ಎಂದು ಗೊಣಗಿದರು. “ಪಾಠ ಮಾಡಿ ಸುಮ್ಮನೆ ಇರ್ಬೇಕಿತ್ತು.”

ಪಕ್ಕದಲ್ಲಿ ನಿಂತಿದ್ದ ಚೆನ್ನಯ್ಯ ಅವರ ಬೆನ್ನು ತಟ್ಟಿದ. “ಎಂತ ಮಾತು ಮಾಸ್ಟ್ರೇ? ಇಷ್ಟು ವರ್ಷ ಅರ್ಥ ಹೇಳಿದ್ದೇವೆ. ಕೇಳಿದವರು ಮರುದಿನ ಅದರ ಪ್ರಕಾರ ನಡೆದದ್ದು ಉಂಟಾ? ಧರ್ಮರಾಯನ ಅರ್ಥ ಕೇಳಿ ಯಾರಾದ್ರೂ ಸತ್ಯ ಹೇಳಿದ್ದಾರಾ? ಇದೊಂದೇ ಪ್ರಸಂಗ ಜನಕ್ಕೆ ಹಿಡಿದದ್ದು.”

ಮಾಸ್ಟ್ರಿಗೆ ಅದರಿಂದ ಸಮಾಧಾನವಾಯಿತೋ ಇಲ್ಲವೋ, ಅಂತೂ ಅವರು ಬೆಂಚಿನ ಪಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ಸುಳ್ಳು ಹೇಳುವ ವಿದ್ಯಾರ್ಥಿಯನ್ನು ದೂರದಿಂದಲೇ ಹಿಡಿಯುವ ಕಣ್ಣು ಅವರದ್ದು. ಅವರು ಮುಖ ನೋಡುವುದು, ಸೌಮ್ಯಶ್ರೀ ಪಾದ ನೋಡುವುದು. “ಇವ ಸುಳ್ಳು. ಇವ ಸುಳ್ಳು. ಇವಳೂ.” ಹೀಗೆ ಸಂಜೆಯವರೆಗೆ ನಡೆಯಿತು. ನಡುವೆ ಒಬ್ಬೊಬ್ಬರ ಹತ್ತಿರ ಮಾಸ್ಟ್ರು ಸುಮ್ಮನಾಗುತ್ತಿದ್ದರು. ಆ ಮುಖದಲ್ಲಿ ನಟನೆ ಇರುತ್ತಿರಲಿಲ್ಲ, ಕಾಯುವಿಕೆ ಮಾತ್ರ ಇರುತ್ತಿತ್ತು. ಪರೀಕ್ಷೆ ಇನ್ನೂ ಯಾಕೆ ಶುರುವಾಗಲಿಲ್ಲ ಎಂದು ಕಾಯುವ ಮುಖ. ಅಂಥವರನ್ನು ಸೌಮ್ಯಶ್ರೀ ಬೇರೆ ಕೂರಿಸಿದಳು. ಹೊರಗಿನ ಗದ್ದಲದಲ್ಲಿ ಅವರು ತಾವು ಏನೋ ಗೆದ್ದೆವೆಂದು ತಿಳಿದು, ಒಬ್ಬರಿಗೊಬ್ಬರು ಶುಭಾಶಯ ಹೇಳಿಕೊಳ್ಳುತ್ತಿದ್ದರು.

ಅಮ್ಮಣಿ ಎರಡು ವಾರ ಆಸ್ಪತ್ರೆಯಲ್ಲಿದ್ದಳು. ಕೀವು ಮೂಳೆಗೆ ಇಳಿದಿರಲಿಲ್ಲ, ಬೆರಳು ಉಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟ್ರು ಮಲಯಾಳದಲ್ಲಿ ಹೇಳಿದ್ದನ್ನು ಅವಳು ಬಂದು ಹೋದವರಿಗೆಲ್ಲ ಕನ್ನಡದಲ್ಲಿಯೂ ತುಳುವಿನಲ್ಲಿಯೂ ಹೇಳಿದಳು. ಕಾರ್ಡಿನ ವಿಷಯ ಮಾತ್ರ ಕುಂಞನೇ ಬಗೆಹರಿಸಿದ. ಜೀಪನ್ನು ಗುಜರಿಯವನಿಗೆ ಕೊಟ್ಟು, ಅದರ ಕಾಗದ ರದ್ದು ಮಾಡಿಸಿ, ಆಕ್ಷೇಪ ಕೊಟ್ಟು ಬಂದ. ಹೇಂಟೆಗಳು ಕೆಲವು ದಿನ ಜೀಪು ಇದ್ದ ಜಾಗದಲ್ಲೇ ಸುತ್ತಾಡಿದವು; ಅವು ಎಲ್ಲೆಲ್ಲೋ ಇಟ್ಟ ಮೊಟ್ಟೆ ಹುಡುಕಲು ಅಮ್ಮಣಿ ಈಗ ಸರಕಾರದ ಮೆತ್ತಗಿನ ಚಪ್ಪಲಿ ಹಾಕಿಕೊಂಡು ಹೋಗುತ್ತಾಳೆ, ಬಂದ ಮೇಲೆ ಕುಂಞ ಅವಳ ಅಂಗಾಲು ತಿರುಗಿಸಿ ನೋಡುತ್ತಾನೆ.